ಹತ್ತಿ ಹೊಲದ ಹುಡುಗ ಮಹಾನಗರದ ಮೇಯರ್ ಆದದ್ದು

1984ರ ಆಗಸ್ಟ್ 8. ಅಮೆರಿಕದ ಲಾಸ್ ಏಂಜಲಿಸ್ ನಗರದ ಕೊಲೀಸಿಯಂ ಕ್ರೀಡಾಂಗಣ. ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ನಮ್ಮ ಪಿ.ಟಿ. ಉಷಾ 55.42 ಸೆಕೆಂಡುಗಳಲ್ಲಿ ಗುರಿ ಮುಟ್ಟಿದರು. ರುಮೇನಿಯಾದ ಓಟಗಾರ್ತಿಯ ಕಾಲ 55.41. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚಿನ ಪದಕ ಕೈತಪ್ಪಿತು. ಆ ತಲೆಮಾರಿನ ಭಾರತೀಯರಿಗೆ ಲಾಸ್ ಏಂಜಲಿಸ್ ಎಂದರೆ ಹಾಲಿವುಡ್ ಅಲ್ಲ, ಆ ನೂರನೇ ಒಂದು ಭಾಗವೇ!

ಆದರೆ ಆ ಒಲಿಂಪಿಕ್ಸನ್ನು ಆ ಊರಿಗೆ ಕರೆತಂದವರು ಯಾರು? ಸಂಘಟನಾ ಸಮಿತಿಯ ಅಧ್ಯಕ್ಷ ಪೀಟರ್ ಉಬೆರಾತ್ ಹೆಸರು ಆಗ ಪತ್ರಿಕೆಗಳಲ್ಲಿ ದಿನವೂ ಬರುತ್ತಿತ್ತು. ಅವರಿಗಿಂತ ಮುಂಚೆಯೇ, ಒಲಿಂಪಿಕ್ಸ್ ಎಂದರೆ ನಗರಗಳು ಹೆದರಿ ದೂರ ಓಡುತ್ತಿದ್ದ ದಿನಗಳಲ್ಲಿ, ಈ ಕೂಟಕ್ಕಾಗಿ ಪಟ್ಟು ಹಿಡಿದು ಕೂತವರು ನಗರದ ಮೇಯರ್. ಆರಡಿ ನಾಲ್ಕಂಗುಲದ ಎತ್ತರದ ಆಳು, ಮಾತು ಕಡಿಮೆ. ಕಾಲೇಜಿನಲ್ಲಿ ಸ್ವತಃ ಕಾಲು ಮೈಲಿ ಓಟದ ಪಟು. ಗುಲಾಮನೊಬ್ಬನ ಮೊಮ್ಮಗ. ಹೆಸರು ಟಾಮ್ ಬ್ರಾಡ್ಲಿ. 1973ರಿಂದ 1993ರವರೆಗೆ, ಸತತ ಐದು ಅವಧಿಗೆ, ಇಪ್ಪತ್ತು ವರ್ಷ ಅವರು ಲಾಸ್ ಏಂಜಲಿಸ್‌ನ ಮೇಯರ್ ಆಗಿದ್ದರು. ಆ ನಗರದ ಚರಿತ್ರೆಯಲ್ಲಿ ಅಷ್ಟು ದೀರ್ಘಕಾಲ ಆ ಕುರ್ಚಿಯಲ್ಲಿ ಕುಳಿತವರು ಮತ್ತೊಬ್ಬರಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಮೇಯರ್ ಎಂದೊಡನೆ ಬೆಂಗಳೂರಿನವರ ಕಣ್ಣಿಗೆ ಬರುವುದು ಕೆಂಪು ಗೌನು, ಕರಗದ ದಿನದ ಮೆರವಣಿಗೆ, ಕಾರ್ಪೊರೇಟರುಗಳು ಕೈಯೆತ್ತಿ ಆರಿಸುತ್ತಿದ್ದ ಒಂದು ವರ್ಷದ ಗೌರವದ ಹುದ್ದೆ. ಲಾಸ್ ಏಂಜಲಿಸ್‌ನಲ್ಲಿ ಹಾಗಲ್ಲ. ಅಲ್ಲಿ ಮೇಯರನ್ನು ಜನರೇ ನೇರವಾಗಿ ಮತ ಹಾಕಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಬಂದರು, ವಿಮಾನ ನಿಲ್ದಾಣ, ನೀರು, ವಿದ್ಯುತ್ತು ಎಲ್ಲವೂ ನಗರದ್ದೇ. ಹಾಗೆಂದು ಮೇಯರ್ ಸರ್ವಾಧಿಕಾರಿಯೂ ಅಲ್ಲ. ಹದಿನೈದು ಸದಸ್ಯರ ನಗರಸಭೆಯ ಒಪ್ಪಿಗೆ ಬೇಕು. ಪೊಲೀಸ್ ಮುಖ್ಯಸ್ಥನನ್ನು ತೆಗೆದುಹಾಕುವ ಅಧಿಕಾರವಂತೂ ಆ ಕಾಲದ ಮೇಯರಿಗೆ ಇರಲೇ ಇಲ್ಲ. ಈ ಕೊನೆಯ ಸಂಗತಿ ಬ್ರಾಡ್ಲಿ ಅವರನ್ನು ಹೇಗೆ ಕಾಡಿತು ಎಂಬುದು ಮುಂದೆ ಬರುತ್ತದೆ.

ಹೊಲದಿಂದ ಪಟ್ಟಣಕ್ಕೆ

ಟಾಮ್ ಬ್ರಾಡ್ಲಿ ಹುಟ್ಟಿದ್ದು 1917ರ ಡಿಸೆಂಬರ್ 29ರಂದು, ಟೆಕ್ಸಾಸ್ ರಾಜ್ಯದ ಕ್ಯಾಲ್ವರ್ಟ್ ಎಂಬ ಊರಿನ ಹತ್ತಿರದ ಹತ್ತಿ ತೋಟದಲ್ಲಿ. ತಂದೆ ಲೀ, ತಾಯಿ ಕ್ರೆನರ್. ಇಬ್ಬರೂ ಇನ್ನೊಬ್ಬರ ಹೊಲವನ್ನು, ನಮ್ಮಲ್ಲಿ ಕೋರು ಎನ್ನುವಂತೆ, ಬೆಳೆಯ ಪಾಲಿಗೆ ಉಳುತ್ತಿದ್ದವರು. ಬೀಜಕ್ಕೆ, ಗೊಬ್ಬರಕ್ಕೆ, ಹೊಟ್ಟೆಗೆ ಯಜಮಾನನಿಂದಲೇ ಸಾಲ ತಂದು, ಹತ್ತಿ ಬಿಡಿಸಿ, ಲೆಕ್ಕ ಮಾಡಿದರೆ ವರ್ಷದ ಕೊನೆಗೆ ಸಾಲವೇ ಉಳಿಯುವ ಬದುಕು. ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದು ಅರ್ಧ ಶತಮಾನ ಕಳೆದಿತ್ತು, ಅಷ್ಟೆ.

ಹತ್ತಿ ಬಿಡಿಸುತ್ತಲೇ ಈ ಕುಟುಂಬ ಅರಿಜೋನಾಕ್ಕೆ ಹೋಯಿತು. ಅಲ್ಲಿಂದ 1924ರಲ್ಲಿ ಲಾಸ್ ಏಂಜಲಿಸ್‌ಗೆ. ತಂದೆ ರೈಲ್ವೆಯಲ್ಲಿ ಪೋರ್ಟರ್ ಆದರು. ತಾಯಿ ಶ್ರೀಮಂತರ ಮನೆಗಳಲ್ಲಿ ಮನೆಗೆಲಸಕ್ಕೆ ನಿಂತರು. ಕೆಲಕಾಲದ ನಂತರ ತಂದೆ ಮನೆ ಬಿಟ್ಟು ಹೋದಾಗ ಮಕ್ಕಳ ಜವಾಬ್ದಾರಿಯೆಲ್ಲ ತಾಯಿಯ ಹೆಗಲಿಗೆ ಬಿತ್ತು. ಹುಡುಗ ಪತ್ರಿಕೆ ಹಂಚುತ್ತಿದ್ದ.

ಪಾಲಿಟೆಕ್ನಿಕ್ ಹೈಸ್ಕೂಲಿನಲ್ಲಿ ಕಪ್ಪು ಹುಡುಗರು ಕಡಿಮೆ. ಟಾಮ್ ಓಟದಲ್ಲಿ ಮುಂದು, ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮುಂದು, ಪಾಠದಲ್ಲೂ ಹಿಂದಲ್ಲ. ಶಾಲೆಯ ಹುಡುಗರ ಸಂಘಕ್ಕೆ ಅಧ್ಯಕ್ಷನಾದ. ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ವಿದ್ಯಾರ್ಥಿ. 1937ರಲ್ಲಿ ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಎಲ್ಲರೂ ‘ಯುಸಿಎಲ್‌ಎ’ ಎನ್ನುವ ಕಾಲೇಜು ಸೇರಿದ. ಬೇಸ್‌ಬಾಲ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್ ಕೂಡ ಅದೇ ಕಾಲದಲ್ಲಿ ಅಲ್ಲಿದ್ದರು. ಬಿಡುವಿನಲ್ಲಿ ಟಾಮ್ ಛಾಯಾಗ್ರಾಹಕನ ಕೆಲಸವನ್ನೂ ಮಾಡುತ್ತಿದ್ದ.

ಆದರೆ ಡಿಗ್ರಿ ಮುಗಿಸಲಿಲ್ಲ. ಪೊಲೀಸ್ ಇಲಾಖೆಯ ಪರೀಕ್ಷೆ ಬರೆದು ಪಾಸಾಗಿ, 1940ರಲ್ಲಿ ಕಾಲೇಜು ಬಿಟ್ಟು ಪೊಲೀಸ್ ಕೆಲಸಕ್ಕೆ ಸೇರಿದ. ಖಾಯಂ ಸಂಬಳದ ಸರಕಾರಿ ನೌಕರಿ! ಮಾರನೆಯ ವರ್ಷ ಚರ್ಚಿನಲ್ಲಿ ಪರಿಚಯವಾದ ಎಥೆಲ್ ಅರ್ನಾಲ್ಡ್ ಜತೆ ಮದುವೆ.

ಹಗಲು ಪೊಲೀಸ್, ರಾತ್ರಿ ಕಾನೂನು

ಇಪ್ಪತ್ತೊಂದು ವರ್ಷ ಅವರು ಪೊಲೀಸರಾಗಿದ್ದರು. ಆಗಿನ ಇಲಾಖೆಯಲ್ಲಿ ಕಪ್ಪು ಪೊಲೀಸನಿಗೆ ಇದ್ದದ್ದು ಎರಡೇ ಕೆಲಸ: ಕಪ್ಪು ಜನರೇ ಹೆಚ್ಚಾಗಿದ್ದ ನ್ಯೂಟನ್ ಸ್ಟ್ರೀಟ್ ಠಾಣೆಯ ಪಾಳಿ, ಇಲ್ಲವೇ ನಗರದ ನಡುವಿನ ಟ್ರಾಫಿಕ್. ಬಿಳಿಯ ಪೊಲೀಸನ ಜತೆ ಒಂದೇ ಕಾರಿನಲ್ಲಿ ಕೂತು ಗಸ್ತು ತಿರುಗುವಂತಿಲ್ಲ. ಈ ಪದ್ಧತಿ ತಪ್ಪಿಸಲು ಬ್ರಾಡ್ಲಿ ಪ್ರಯತ್ನಿಸಿದಾಗ ಮೇಲಿನವರ ಬೆಂಬಲ ಸಿಗಲಿಲ್ಲ. ಆದರೂ ಅವರು ಲೆಫ್ಟಿನೆಂಟ್ ಹುದ್ದೆಯವರೆಗೆ ಏರಿದರು. ಅಲ್ಲಿಯವರೆಗೆ ಆ ಇಲಾಖೆಯಲ್ಲಿ ಯಾವ ಕಪ್ಪು ಅಧಿಕಾರಿಯೂ ಅದಕ್ಕಿಂತ ಮೇಲೆ ಹೋಗಿರಲಿಲ್ಲ. ಅಲ್ಲಿಂದ ಮುಂದಿನ ಮೆಟ್ಟಿಲು ಮುಚ್ಚಿದೆ ಎಂಬುದು ಅವರಿಗೂ ಗೊತ್ತಿತ್ತು.

1950ರಲ್ಲಿ ಲೀಮರ್ಟ್ ಪಾರ್ಕ್ ಎಂಬ ಬಡಾವಣೆಯಲ್ಲಿ ಮನೆ ಕೊಳ್ಳಲು ಹೊರಟರು. ಅದು ಬಹುಪಾಲು ಬಿಳಿಯರ ಬಡಾವಣೆ. ಹಣವಿತ್ತು, ಸರಕಾರಿ ಕೆಲಸವಿತ್ತು. ಆದರೂ ಒಬ್ಬ ಬಿಳಿಯ ಮಧ್ಯವರ್ತಿಯನ್ನು ಮುಂದಿಟ್ಟುಕೊಂಡೇ ಆ ಮನೆ ಕೊಳ್ಳಬೇಕಾಯಿತು. ಊರಿನ ಕಾನೂನು ಕಾಪಾಡುವ ಪೊಲೀಸನಿಗೇ ಈ ಗತಿ! ಮನೆ ಬಾಡಿಗೆಗೆ ಕೇಳಿದಾಗ ಮೊದಲು ಜಾತಿ ವಿಚಾರಿಸುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ನಡುವೆ, ಎರಡು ಹೆಣ್ಣುಮಕ್ಕಳ ತಂದೆಯಾಗಿ, ಪಾಳಿಯ ಕೆಲಸ ಮುಗಿಸಿ ಬ್ರಾಡ್ಲಿ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದರು. 1956ರಲ್ಲಿ ಸೌತ್‌ವೆಸ್ಟರ್ನ್ ಕಾನೂನು ಕಾಲೇಜಿನಿಂದ ಪದವಿ ಬಂದಾಗ ಅವರಿಗೆ 38 ವರ್ಷ. ವಕೀಲಿ ಪರೀಕ್ಷೆಯನ್ನೂ ಪಾಸು ಮಾಡಿದರು. ಯುಸಿಎಲ್‌ಎಯಲ್ಲಿ ಅರ್ಧಕ್ಕೇ ಬಿಟ್ಟಿದ್ದ ಓದಿನ ದಾರಿಯನ್ನು ಹದಿನಾರು ವರ್ಷಗಳ ನಂತರ ಬೇರೊಂದು ಬಾಗಿಲಿನಿಂದ ಹಿಡಿದಂತಾಯಿತು. 1961ರಲ್ಲಿ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಕರಿಕೋಟು ಹಾಕಿದರು. 1963ರಲ್ಲಿ ಹತ್ತನೇ ವಾರ್ಡಿನಿಂದ ನಗರಸಭೆಗೆ ಆರಿಸಿಬಂದರು. ಆ ವಾರ್ಡಿನಲ್ಲಿ ಕಪ್ಪು ಜನರದೇ ಬಹುಮತವಿರಲಿಲ್ಲ. ಬಿಳಿಯರು, ಯಹೂದಿಗಳು, ಜಪಾನಿ ಮೂಲದವರು ಎಲ್ಲರೂ ಇದ್ದರು. ನಾಲ್ಕು ಜನಾಂಗದವರ ಮನೆ ಬಾಗಿಲು ತಟ್ಟಿ ಮತ ಕೇಳುವ ವಿದ್ಯೆಯನ್ನು ಬ್ರಾಡ್ಲಿ ಕಲಿತದ್ದು ಅಲ್ಲಿಯೇ.

ಎರಡು ವರ್ಷದಲ್ಲೇ, 1965ರ ಆಗಸ್ಟ್‌ನಲ್ಲಿ, ವಾಟ್ಸ್ ಪ್ರದೇಶ ಹೊತ್ತಿ ಉರಿಯಿತು. ವಾಹನ ತಡೆದು ನಿಲ್ಲಿಸಿದ ಒಂದು ಪೊಲೀಸ್ ಪ್ರಕರಣದಿಂದ ಹುಟ್ಟಿದ ಗಲಭೆಯಲ್ಲಿ 34 ಜನ ಸತ್ತರು. ಪೊಲೀಸರ ನಡವಳಿಕೆಯನ್ನು ಸಭೆಯಲ್ಲಿ ಪ್ರಶ್ನಿಸಿದ ಸದಸ್ಯರಲ್ಲಿ ಮಾಜಿ ಪೊಲೀಸ್ ಬ್ರಾಡ್ಲಿ ಮುಖ್ಯರು.

ಸೋತು ಗೆದ್ದದ್ದು

1969ರಲ್ಲಿ ಅವರು ಮೊದಲ ಸಲ ಮೇಯರ್ ಚುನಾವಣೆಗೆ ನಿಂತರು. ಎದುರಾಳಿ ಅಧಿಕಾರದಲ್ಲಿದ್ದ ಸ್ಯಾಮ್ ಯಾರ್ಟಿ. ಮೊದಲ ಸುತ್ತಿನಲ್ಲಿ ಬ್ರಾಡ್ಲಿಗೆ ಶೇಕಡಾ 42 ಮತ, ಯಾರ್ಟಿಗೆ ಬರೀ 26. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದ್ದರಿಂದ ಎರಡನೇ ಸುತ್ತು ನಡೆಯಬೇಕಾಯಿತು. ಆ ಕೆಲವು ವಾರಗಳಲ್ಲಿ ಯಾರ್ಟಿ ಪಾಳೆಯ ಹರಡಿದ್ದು ಭಯವೊಂದನ್ನೇ. ಬ್ರಾಡ್ಲಿ ಬಂದರೆ ಉಗ್ರವಾದಿಗಳು ಬರುತ್ತಾರೆ, ಕಮ್ಯುನಿಸ್ಟರು ಬರುತ್ತಾರೆ, ಪೊಲೀಸರು ಕೆಲಸ ಬಿಟ್ಟು ಹೋಗುತ್ತಾರೆ! ಇಪ್ಪತ್ತೊಂದು ವರ್ಷ ಖಾಕಿ ಬದಲು ನೀಲಿ ಸಮವಸ್ತ್ರ ತೊಟ್ಟು ದುಡಿದವರನ್ನು ಪೊಲೀಸ್ ವಿರೋಧಿ ಎಂದು ಬಿಂಬಿಸಲಾಯಿತು. ಜನ ನಂಬಿದರು. ಶೇಕಡಾ 53ಕ್ಕೆ 47ರಂತೆ ಬ್ರಾಡ್ಲಿ ಸೋತರು.

ಸೋತವರು ಗೊಣಗುತ್ತ ಕೂರಲಿಲ್ಲ. ಮುಂದಿನ ನಾಲ್ಕು ವರ್ಷ ಊರಿನ ಮೂಲೆಮೂಲೆಗೆ, ಮುಖ್ಯವಾಗಿ ತಮಗೆ ಮತ ಹಾಕದ ಬಡಾವಣೆಗಳಿಗೆ ಹೋಗಿ ಮುಖ ತೋರಿಸಿದರು. 1973ರಲ್ಲಿ ಅದೇ ಯಾರ್ಟಿ, ಅದೇ ಪ್ರಚಾರ. ಈ ಸಲ ಬ್ರಾಡ್ಲಿ ಶೇಕಡಾ 56ರಷ್ಟು ಮತ ಪಡೆದು ಗೆದ್ದರು. ಕಪ್ಪು ಜನರು ಐವರಲ್ಲಿ ಒಬ್ಬರಷ್ಟೂ ಇರದ ನಗರವದು. ಜುಲೈ 1ರಂದು ಅವರಿಗೆ ಪ್ರಮಾಣವಚನ ಬೋಧಿಸಿದವರು ನಿವೃತ್ತ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್. ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು 1954ರಲ್ಲಿ ತೀರ್ಪು ಕೊಟ್ಟ ಪೀಠದ ಮುಖ್ಯಸ್ಥರು.

ನಂತರ 1977, 1981, 1985, 1989. ಪ್ರತಿ ಚುನಾವಣೆಯಲ್ಲೂ ಗೆಲುವು. 1985ರಲ್ಲಂತೂ ಬಿದ್ದ ಮತಗಳಲ್ಲಿ ಮೂರರಲ್ಲಿ ಎರಡು ಪಾಲು ಅವರವೇ.

ಖಜಾನೆ ಮುಟ್ಟದ ಒಲಿಂಪಿಕ್ಸ್

ಬ್ರಾಡ್ಲಿ ಅವರ ಸಾಧನೆಗಳಲ್ಲಿ ಎದ್ದು ಕಾಣುವುದು ಒಲಿಂಪಿಕ್ಸ್. ಅದರ ಹಿಂದಿನ ಲೆಕ್ಕಾಚಾರವನ್ನು ವಾಣಿಜ್ಯ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. 1972ರ ಮ್ಯೂನಿಕ್ ಕೂಟದಲ್ಲಿ ಭಯೋತ್ಪಾದಕರು ಇಸ್ರೇಲಿ ಕ್ರೀಡಾಪಟುಗಳನ್ನು ಕೊಂದಿದ್ದರು. 1976ರ ಕೂಟ ನಡೆಸಿದ ಮಾಂಟ್ರಿಯಲ್ ನಗರ ಸಾಲದಲ್ಲಿ ಮುಳುಗಿತ್ತು. ಆ ಸಾಲ ತೀರಿದ್ದು 2006ರಲ್ಲಿ, ಮೂವತ್ತು ವರ್ಷಗಳ ನಂತರ! ಹೀಗಾಗಿ 1984ರ ಕೂಟಕ್ಕೆ ಕೊನೆಗೆ ಕಣದಲ್ಲಿ ಉಳಿದ ನಗರ ಲಾಸ್ ಏಂಜಲಿಸ್ ಒಂದೇ.

ಒಂದೇ ಊರು ಉಳಿದರೆ ಷರತ್ತು ಹಾಕುವವರು ಯಾರು? ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಎಂದಿನಂತೆ, ನಷ್ಟವಾದರೆ ನಗರವೇ ಹೊಣೆ ಎಂದು ಬರೆದುಕೊಡಿ ಎಂದಿತು. ಬ್ರಾಡ್ಲಿ ಒಪ್ಪಲಿಲ್ಲ. 1978ರ ಜುಲೈನಲ್ಲಿ, ಹಾಗಾದರೆ ನಮಗೆ ಕೂಟವೇ ಬೇಡ, ಅರ್ಜಿ ವಾಪಸು ಪಡೆಯೋಣ ಎಂದು ನಗರಸಭೆಗೆ ಶಿಫಾರಸು ಮಾಡಿದರು. ಸಮಿತಿ ಬಗ್ಗಿತು. ಖಾಸಗಿ ಸಂಘಟನಾ ಸಮಿತಿಯೊಂದು ಹೊಣೆ ಹೊರುವುದೆಂದು ತೀರ್ಮಾನವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ನಗರದ ಮತದಾರರೂ, ತೆರಿಗೆ ಹಣವನ್ನು ವಾಪಸು ಬರುವ ಭರವಸೆಯಿಲ್ಲದೆ ಇದಕ್ಕೆ ಮುಟ್ಟಬಾರದು ಎಂದು ಮತ ಹಾಕಿ ನಿಯಮ ಮಾಡಿದರು.

ಮುಂದಿನದು ಮಿತವ್ಯಯದ ಪಾಠ. 1923ರಲ್ಲಿ ಬಾಗಿಲು ತೆರೆದಿದ್ದ, 1932ರ ಒಲಿಂಪಿಕ್ಸ್ ನಡೆದಿದ್ದ ಹಳೆಯ ಕೊಲೀಸಿಯಂ ಅನ್ನೇ ಸರಿಮಾಡಿಕೊಂಡರು. ಕ್ರೀಡಾಪಟುಗಳಿಗೆ ಹೊಸ ಗ್ರಾಮ ಕಟ್ಟಲಿಲ್ಲ. ರಜೆಯಲ್ಲಿ ಖಾಲಿ ಬಿದ್ದ ವಿಶ್ವವಿದ್ಯಾಲಯದ ಹಾಸ್ಟೆಲುಗಳೇ ಒಲಿಂಪಿಕ್ ಗ್ರಾಮಗಳಾದವು. ಅವುಗಳಲ್ಲಿ ಬ್ರಾಡ್ಲಿ ಅರ್ಧಕ್ಕೆ ಬಿಟ್ಟುಬಂದಿದ್ದ ಯುಸಿಎಲ್‌ಎ ಕೂಡ ಒಂದು. ದೊಡ್ಡ ಹೊಸ ಕಟ್ಟಡಗಳೆಂದರೆ ಈಜುಕೊಳ, ಸೈಕಲ್ ಪಂದ್ಯದ ಟ್ರ್ಯಾಕ್. ಅವಕ್ಕೂ ಕಂಪನಿಗಳು ಹಣ ಕೊಟ್ಟವು. ಟೆಲಿವಿಷನ್ ಹಕ್ಕು ದೊಡ್ಡ ಮೊತ್ತಕ್ಕೆ ಮಾರಾಟವಾಯಿತು. ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳು ಬಹಿಷ್ಕರಿಸಿದರೂ 140 ದೇಶಗಳು ಬಂದವು. ಕೊನೆಗೆ ಉಳಿದ ಲಾಭ 20 ಕೋಟಿ ಡಾಲರಿಗೂ ಹೆಚ್ಚು! ಅದರಲ್ಲಿ ಶೇಕಡಾ 40ರಷ್ಟು ದಕ್ಷಿಣ ಕ್ಯಾಲಿಫೋರ್ನಿಯಾದ ಮಕ್ಕಳ ಕ್ರೀಡೆಗೆಂದೇ ಒಂದು ಪ್ರತಿಷ್ಠಾನಕ್ಕೆ ಹೋಯಿತು. ಇದಾದ ಮೇಲೆ ಒಲಿಂಪಿಕ್ಸ್‌ಗೆ ನಗರಗಳು ಮತ್ತೆ ಸಾಲುಗಟ್ಟಿದವು. ಅವುಗಳಲ್ಲಿ ಬಹಳಷ್ಟು ಲಾಸ್ ಏಂಜಲಿಸ್‌ನ ಲಾಭವನ್ನು ನೋಡಿದವೇ ಹೊರತು ಅದರ ಮಿತವ್ಯಯವನ್ನಲ್ಲ.

ನಗರದ ಮುಖವೂ ಈ ಎರಡು ದಶಕಗಳಲ್ಲಿ ಬದಲಾಯಿತು. ನಡುಪಟ್ಟಣದಲ್ಲಿ ಗಗನಚುಂಬಿಗಳು ಎದ್ದವು, ಬಂದರು ಬೆಳೆಯಿತು. 1990ರ ಜನಗಣತಿಯ ಹೊತ್ತಿಗೆ ಲಾಸ್ ಏಂಜಲಿಸ್ ಶಿಕಾಗೋವನ್ನು ಹಿಂದೆ ಹಾಕಿ ದೇಶದ ಎರಡನೇ ದೊಡ್ಡ ನಗರವಾಗಿತ್ತು. ನಗರದ ಆಡಳಿತ ಮಂಡಳಿಗಳಲ್ಲಿ ಮಹಿಳೆಯರು, ಕಪ್ಪು ಜನರು, ಮೆಕ್ಸಿಕೋ ಮತ್ತು ಏಷ್ಯಾ ಮೂಲದವರು ಕುರ್ಚಿ ಪಡೆದದ್ದು ಬ್ರಾಡ್ಲಿ ಕಾಲದಲ್ಲಿ. ಕೊಟ್ಟ ಮಾತೆಲ್ಲ ನಡೆಯಿತೆಂದಲ್ಲ. 1973ರ ಪ್ರಚಾರದಲ್ಲಿ ಹದಿನೆಂಟು ತಿಂಗಳಲ್ಲಿ ನಗರ ರೈಲಿನ ಕೆಲಸ ಶುರು ಎಂದಿದ್ದರು. ಜನ 1974ರಲ್ಲಿ ಅದಕ್ಕಾಗಿ ತೆರಿಗೆ ಕೊಡಲು ಒಪ್ಪಲಿಲ್ಲ, 1980ರಲ್ಲಿ ಒಪ್ಪಿದರು. ಮೊದಲ ರೈಲು ಓಡಿದ್ದು 1990ರ ಜುಲೈನಲ್ಲಿ. ಹದಿನೆಂಟು ತಿಂಗಳು ಹದಿನೇಳು ವರ್ಷವಾಯಿತು! ನಮ್ಮ ಮೆಟ್ರೋ ಕಾಮಗಾರಿಗಳನ್ನು ಕಂಡವರಿಗೆ ಇದು ಹೊಸದೆನಿಸದು.

ಸಮೀಕ್ಷೆಗಳನ್ನು ಸುಳ್ಳಾಗಿಸಿದ ಸೋಲು

ರಾಜ್ಯಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಬ್ರಾಡ್ಲಿ ಹೆಸರು ಒಂದು ಗೆಲುವಿಗಿಂತ ಒಂದು ಸೋಲಿನಿಂದಲೇ ಪರಿಚಿತ. 1982ರಲ್ಲಿ ಅವರು ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದರು. ಅಲ್ಲಿಯವರೆಗೆ ಅಮೆರಿಕದ ಯಾವ ರಾಜ್ಯದಲ್ಲೂ ಕಪ್ಪು ಜನಾಂಗದವರು ಗವರ್ನರಾಗಿ ಚುನಾಯಿತರಾಗಿರಲಿಲ್ಲ. ಸಮೀಕ್ಷೆಗಳೆಲ್ಲ ಬ್ರಾಡ್ಲಿ ಮುಂದೆ ಎಂದವು. ಮತ ಹಾಕಿ ಹೊರಬಂದವರನ್ನು ಕೇಳಿದಾಗಲೂ ಅದೇ ಉತ್ತರ. ಪತ್ರಿಕೆಯೊಂದು ಮೊದಲ ಆವೃತ್ತಿಯಲ್ಲಿ ಬ್ರಾಡ್ಲಿ ಗೆಲುವು ಎಂದೇ ಅಚ್ಚು ಹಾಕಿತು. ಎಣಿಕೆ ಮುಗಿದಾಗ, ಬಿದ್ದ 78 ಲಕ್ಷದಷ್ಟು ಮತಗಳಲ್ಲಿ ಒಂದು ಲಕ್ಷಕ್ಕೂ ಕಡಿಮೆ ಅಂತರದಲ್ಲಿ ಜಾರ್ಜ್ ಡ್ಯೂಕ್‌ಮೇಜಿಯನ್ ಗೆದ್ದಿದ್ದರು.

ಕೇಳುವವರ ಮುಂದೆ ಸಂಕೋಚಕ್ಕೆ ಕಪ್ಪು ಅಭ್ಯರ್ಥಿಯ ಹೆಸರು ಹೇಳಿ, ಗುಟ್ಟಿನಲ್ಲಿ ಬಿಳಿಯರಿಗೆ ಮತ ಹಾಕುವ ಈ ಪ್ರವೃತ್ತಿಗೆ ಪಂಡಿತರು ‘ಬ್ರಾಡ್ಲಿ ಪರಿಣಾಮ’ ಎಂದು ಹೆಸರಿಟ್ಟರು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಅಂಚೆಯ ಮೂಲಕ ಬಂದ ಮತಗಳನ್ನು ಸಮೀಕ್ಷೆಗಳು ಲೆಕ್ಕಕ್ಕೆ ಹಿಡಿಯಲಿಲ್ಲ, ಅದೇ ದಿನ ಪಿಸ್ತೂಲು ನಿಯಂತ್ರಣದ ಪ್ರಸ್ತಾವವೂ ಮತಕ್ಕಿದ್ದುದರಿಂದ ಬಂದೂಕು ಪ್ರಿಯರು ಹೆಚ್ಚಾಗಿ ಬಂದರು ಎನ್ನುವವರಿದ್ದಾರೆ. 2008ರಲ್ಲಿ ಬರಾಕ್ ಒಬಾಮಾ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಈ ಚರ್ಚೆ ಮತ್ತೆ ಎದ್ದಿತು. ಅವರ ಗೆಲುವು ಸಮೀಕ್ಷೆಗಳು ಹೇಳಿದಂತೆಯೇ ಬಂತು. 1986ರಲ್ಲಿ ಬ್ರಾಡ್ಲಿ ಮತ್ತೊಮ್ಮೆ ಗವರ್ನರ್ ಸ್ಥಾನಕ್ಕೆ ನಿಂತು, ಆ ಸಲ ದೊಡ್ಡ ಅಂತರದಲ್ಲಿ ಸೋತರು. 1984ರಲ್ಲಿ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ವಾಲ್ಟರ್ ಮಾಂಡೇಲ್ ಅವರು ಪರಿಗಣಿಸಿದವರ ಪಟ್ಟಿಯಲ್ಲೂ ಬ್ರಾಡ್ಲಿ ಹೆಸರಿತ್ತು.

ಕೊನೆಯ ಅವಧಿಯ ಕಹಿ

1989 ಅವರಿಗೆ ಒಳ್ಳೆಯ ವರ್ಷವಾಗಲಿಲ್ಲ. ಮೇಯರ್ ಆಗಿರುವಾಗಲೇ ಒಂದು ಸ್ಥಳೀಯ ಬ್ಯಾಂಕಿಗೆ ಸಲಹೆಗಾರರಾಗಿ ಸಂಭಾವನೆ ಪಡೆದದ್ದು, ಅದೇ ಬ್ಯಾಂಕಿನಲ್ಲಿ ನಗರದ ಹಣ ಠೇವಣಿಯಾದದ್ದು ಬಯಲಾಯಿತು. ಕ್ರಿಮಿನಲ್ ಮೊಕದ್ದಮೆ ಹೂಡಲಿಲ್ಲ. ಹೂಡಿಕೆಗಳ ವಿವರ ಸರಿಯಾಗಿ ಕೊಡದ್ದಕ್ಕೆ 20,000 ಡಾಲರ್ ಕಟ್ಟಿ ಇತ್ಯರ್ಥ ಮಾಡಿಕೊಂಡರು. ಅಷ್ಟು ವರ್ಷ ಕಾಪಾಡಿಕೊಂಡಿದ್ದ ಹೆಸರಿಗೆ ಕಲೆ ಬಿದ್ದದ್ದು ಬಿದ್ದಂತೆಯೇ. ಅಭಿಮಾನಿಗಳು ಇದನ್ನು ಬಿಟ್ಟು ಬರೆಯುವುದುಂಟು, ಅದು ಸರಿಯಲ್ಲ. 1990ರಲ್ಲಿ ನಗರದ ಮತದಾರರು ಜನಪ್ರತಿನಿಧಿಗಳ ನಡತೆಗೆ ಬಿಗಿಯಾದ ಕಾನೂನು ತಂದದ್ದು ಈ ಪ್ರಕರಣದ ನಂತರವೇ.

ಅದಕ್ಕಿಂತ ದೊಡ್ಡ ಪೆಟ್ಟು 1991ರ ಮಾರ್ಚ್ 3ರಂದು ಕಾದಿತ್ತು. ರಾಡ್ನಿ ಕಿಂಗ್ ಎಂಬ ಕಪ್ಪು ಯುವಕನನ್ನು ಪೊಲೀಸರು ಲಾಠಿಗಳಿಂದ ಬಡಿಯುವ ದೃಶ್ಯ ನೆರೆಯವರೊಬ್ಬರ ವಿಡಿಯೊ ಕ್ಯಾಮೆರಾದಲ್ಲಿ ಸೆರೆಯಾಗಿ ಜಗತ್ತೆಲ್ಲ ನೋಡಿತು. ಬ್ರಾಡ್ಲಿ ವಿಚಾರಣಾ ಆಯೋಗ ನೇಮಿಸಿದರು, ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ರಾಜೀನಾಮೆ ಕೊಡಬೇಕೆಂದು ಬಹಿರಂಗವಾಗಿ ಹೇಳಿದರು. ಗೇಟ್ಸ್ ಕದಲಲಿಲ್ಲ. ಕಾನೂನಿನ ರಕ್ಷಣೆಯಿದ್ದ ಆ ಅಧಿಕಾರಿಯನ್ನು ತೆಗೆಯಲು ಮೇಯರಿಗೆ ಅಧಿಕಾರವಿರಲಿಲ್ಲವಲ್ಲ! ಒಂದು ವರ್ಷಕ್ಕೂ ಹೆಚ್ಚು ಕಾಲ ಮಹಾನಗರದ ಮೇಯರಿಗೂ ಪೊಲೀಸ್ ಮುಖ್ಯಸ್ಥರಿಗೂ ಮಾತುಕತೆಯೇ ಇರಲಿಲ್ಲ.

1992ರ ಏಪ್ರಿಲ್ 29ರಂದು ನ್ಯಾಯಾಲಯದಲ್ಲಿ ಆ ಪೊಲೀಸರ ಖುಲಾಸೆಯ ತೀರ್ಪು ಬಂತು. ಸಂಜೆಗೆ ನಗರ ಉರಿಯತೊಡಗಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು, ನೂರು ಕೋಟಿ ಡಾಲರಿನಷ್ಟು ಆಸ್ತಿ ಹಾಳಾಯಿತು. ವಾಟ್ಸ್ ಗಲಭೆಯ ನಂತರ ಪೊಲೀಸರನ್ನು ಪ್ರಶ್ನಿಸಿ ಮೇಲೆ ಬಂದ ನಾಯಕನ ಕಣ್ಣೆದುರೇ ಅದಕ್ಕಿಂತ ದೊಡ್ಡ ಗಲಭೆ. ತೀರ್ಪು ಬಂದೊಡನೆ ಮೇಯರ್ ಆಡಿದ ಕೋಪದ ಮಾತು ಬೆಂಕಿಗೆ ತುಪ್ಪವಾಯಿತೆಂದು ಕೆಲವರು ದೂರಿದರು. ನಡುಪಟ್ಟಣದ ಗಗನಚುಂಬಿಗಳಿಗೆ ಹರಿದ ಹಣ ದಕ್ಷಿಣದ ಬಡ ಬಡಾವಣೆಗಳಿಗೆ ಹರಿಯಲಿಲ್ಲ ಎಂದು ಇನ್ನು ಕೆಲವರು ಹೇಳಿದರು. ಈ ಎರಡನೆಯ ದೂರಿನಲ್ಲಿ ಹುರುಳಿದೆ. ಆದರೆ ಅದೇ ಜೂನ್‌ನಲ್ಲಿ ಮತದಾರರು ನಗರದ ಸನ್ನದು ತಿದ್ದಿ, ಪೊಲೀಸ್ ಮುಖ್ಯಸ್ಥನ ಅವಧಿಗೆ ಮಿತಿ ಹಾಕಿದರು. ಗೇಟ್ಸ್ ಹೋದರು, ಫಿಲಡೆಲ್ಫಿಯಾದಿಂದ ಬಂದ ವಿಲ್ಲಿ ವಿಲಿಯಮ್ಸ್ ಆ ಇಲಾಖೆಯ ಮೊದಲ ಕಪ್ಪು ಮುಖ್ಯಸ್ಥರಾದರು. ಲೆಫ್ಟಿನೆಂಟ್ ಬ್ರಾಡ್ಲಿಗೆ ಮುಚ್ಚಿದ್ದ ಮೆಟ್ಟಿಲು ಮೇಯರ್ ಬ್ರಾಡ್ಲಿ ಅಧಿಕಾರ ಬಿಡುವ ಮುಂಚೆ ತೆರೆಯಿತು.

ಆರನೇ ಸಲ ನಿಲ್ಲುವುದಿಲ್ಲವೆಂದು 1992ರ ಸೆಪ್ಟೆಂಬರ್‌ನಲ್ಲಿ ಅವರು ಘೋಷಿಸಿದರು. 1993ರ ಜುಲೈ 1ರಂದು, ಸೇರಿದ ತಾರೀಖಿನಂದೇ, ಕಚೇರಿ ಬಿಟ್ಟರು. 1996ರಲ್ಲಿ ಹೃದಯಾಘಾತ, ಶಸ್ತ್ರಚಿಕಿತ್ಸೆ, ಮೇಲೆ ಪಾರ್ಶ್ವವಾಯು. ಮೊದಲೇ ಮಿತಭಾಷಿಯಾಗಿದ್ದವರ ಮಾತು ಸರಿಯಾಗಿ ಹೊರಡದಂತಾಯಿತು. 1998ರ ಸೆಪ್ಟೆಂಬರ್ 29ರಂದು, 80ನೇ ವಯಸ್ಸಿನಲ್ಲಿ ತೀರಿಕೊಂಡರು.

ಗೌರವಗಳಿಗೆ ಕೊರತೆಯಿರಲಿಲ್ಲ. 1974ರಲ್ಲಿ ದೇಶದ ನಗರಗಳ ಸಂಘಟನೆಗೆ ಅಧ್ಯಕ್ಷರಾದರು. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆ ಪ್ರತಿವರ್ಷ ಒಬ್ಬರಿಗೆ ಕೊಡುವ ಸ್ಪಿಂಗಾರ್ನ್ ಪದಕ 1984ರಲ್ಲಿ ಅವರಿಗೆ ಸಂದಿತು. ಮಾರ್ಟಿನ್ ಲೂಥರ್ ಕಿಂಗ್, ಜಾಕಿ ರಾಬಿನ್ಸನ್ ಅವರಿಗೂ ಸಂದಿದ್ದ ಪದಕವದು. ಡಿಗ್ರಿ ಮುಗಿಸದೆ ಬಿಟ್ಟ ಯುಸಿಎಲ್‌ಎಯಲ್ಲಿ ಈಗ ಅವರ ಹೆಸರಿನ ಅಂತರರಾಷ್ಟ್ರೀಯ ಭವನವಿದೆ, ಮೇಯರ್ ಕಾಲದ ಅವರ ಕಡತಗಳು ಅಲ್ಲಿನ ಗ್ರಂಥಾಲಯದಲ್ಲಿವೆ. ಸಿಟಿ ಹಾಲ್ ಗೋಪುರದ ಮೇಲಿನ ಸಭಾಂಗಣವೂ ಅವರ ಹೆಸರಿನದೇ. ಅವರ ನಂತರ ಆ ನಗರಕ್ಕೆ ಇನ್ನೊಬ್ಬ ಕಪ್ಪು ಮೇಯರ್ ಬರಲು ಸುಮಾರು ಮೂರು ದಶಕ ಹಿಡಿಯಿತು: 2022ರಲ್ಲಿ ಗೆದ್ದ ಕರೆನ್ ಬ್ಯಾಸ್.

ಒಲಿಂಪಿಕ್ಸ್‌ಗೆ ಮುನ್ನ, 1984ರ ಜೂನ್‌ನಲ್ಲಿ, ವಿಮಾನ ನಿಲ್ದಾಣದಲ್ಲಿ ಹೊಸದಾಗಿ ತೆರೆದ ಕಟ್ಟಡಕ್ಕೂ ಅವರ ಹೆಸರೇ. ಓದಲೆಂದು, ಕೆಲಸಕ್ಕೆಂದು ಹೊರದೇಶಗಳಿಂದ ಬರುವ ಹುಡುಗ ಹುಡುಗಿಯರು ಸೂಟ್‌ಕೇಸ್ ಎಳೆದುಕೊಂಡು ಅಮೆರಿಕದ ನೆಲದ ಮೇಲೆ ಮೊದಲು ಕಾಲಿಡುವುದು ಬಹಳ ಸಲ ಅಲ್ಲಿಯೇ, ‘ಟಾಮ್ ಬ್ರಾಡ್ಲಿ ಅಂತರರಾಷ್ಟ್ರೀಯ ಟರ್ಮಿನಲ್’ ಎಂಬ ಬೋರ್ಡಿನ ಕೆಳಗೆ. ಟಿಕೆಟಿನ ಮೇಲೆ ಮಾತ್ರ ಅದು ಬರೀ ‘ಟರ್ಮಿನಲ್ ಬಿ’.